ನಾಲ್ಕು ಡಿಗ್ರಿ ಬೆಣೆ

ಉಮಾಶ್ರೀ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬರುವುದನ್ನು ಶಟ್ಟೆಪ್ಪ ಗ್ಯಾರೇಜಿನ ಬಾಗಿಲಿಂದಲೇ ನೋಡಿದ. ನೋಡಿದವನು ಎದುರು ಹೋಗಿ ‘ಬಾ ತಂಗೆವ್ವ’ ಎನ್ನಬೇಕಿತ್ತು. ಅದು ಬಿಟ್ಟು ಒಳಗೆ ಹೋಗಿ ಕೈ ತೊಳೆಯತೊಡಗಿದ. ಸೀಮೆಎಣ್ಣೆ ಹಚ್ಚಿ ತೊಳೆದ, ಸಾಬೂನು ಹಚ್ಚಿ ತೊಳೆದ, ಟ್ರ್ಯಾಕ್ಟರಿನ ಸದ್ದು ನಿಂತ ಮೇಲೂ ತೊಳೆಯುತ್ತಲೇ ಇದ್ದ. ಈ ದಿನ ಬಂದೇ ಬರುತ್ತದೆ ಎಂದು ಹನ್ನೊಂದು ತಿಂಗಳಿಂದ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಬಾರದಿದ್ದರೆ ಸಾಕು ಎಂದು ದಿನಾ ಬೇಡಿಕೊಳ್ಳುತ್ತಿದ್ದ.

ಎಳೆಸಿಕೊಂಡು ಬಂದ ಜೀಪಿನ ಸ್ಟೇರಿಂಗ್ ಹಿಡಿದು ಕೂತಿದ್ದವನು ಉಮಾಶ್ರೀಯ ಹೊಲದ ಆಳು ಮಾಳಪ್ಪ. ಇಳಿದವನೇ ರಟ್ಟೆ ಒತ್ತಿಕೊಳ್ಳುತ್ತ, “ಏನ್ ಗಾಡಿರಿ ಮಿಸ್ತ್ರಿ ಇದು, ಹೇಳಿದ ಮಾತ ಕೇಳೂದಿಲ್ಲ. ಎಡಕ್ಕ ಹೊಳ್ಳಿತಂದ್ರ ಎಡಕ್ಕ ಹ್ವಾದದ್ದ. ಸಂಪಗಾಂವದಿಂದ ಇಲ್ಲಿ ಮಟ ಎಮ್ಮಿ ಜಗ್ಗಿದಂಗ ಜಗ್ಗೇನಿ” ಎಂದ. ನಗಲಿ ಎಂದೇ ಆಡಿದ ಮಾತು. ಶಟ್ಟೆಪ್ಪ ನಗಲಿಲ್ಲ.

ಉಮಾಶ್ರೀ ಟ್ರ್ಯಾಕ್ಟರಿನಿಂದ ಇಳಿದು ಸೆರಗಿನಿಂದ ಮುಖ ಒರೆಸಿಕೊಂಡಳು. ನಲವತ್ತೆರಡರ ಹೆಂಗಸು, ಈ ಒಂದು ವರ್ಷದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಿದ್ದಳು. “ಅಣ್ಣಾರ, ಇದನ್ನ ಚಾಲೂ ಮಾಡಿ ಕೊಡ್ರಿ. ಐತವಾರ ಬೆಳಗಾವಿಯಿಂದ ಒಬ್ಬಾವ ನೋಡಾಕ ಬರತಾನ. ಎಳ್ಳಮಾಸಿಯೊಳಗ ಮನೀ ಮುಂದಿಂದ ಹೋದ್ರ ಸಾಕಾಗೇತಿ ನನಗ” ಎಂದಳು.

“ಬ್ಯಾಸ್ತವಾರ ಸಂಜೀಕ ಬಾ ತಂಗೆವ್ವ, ಮಾಡಿಡತೇನಿ” ಎಂದ ಶಟ್ಟೆಪ್ಪ. ಜೀಪಿನ ಕಡೆ ನೋಡದೆ ಹೇಳಿದ.

ಸಂಪಗಾಂವ ರಸ್ತೆಯ ಆ ತಗಡಿನ ಗ್ಯಾರೇಜು ಬೈಲಹೊಂಗಲದಲ್ಲಿ ಎಲ್ಲರಿಗೂ ಗೊತ್ತು. ಕಿತ್ತೂರಿಂದ ರಾಮದುರ್ಗದವರೆಗೆ ಹಳೆಯ ಜೀಪು ಇಟ್ಟುಕೊಂಡ ಶೋಕಿವಾಲರೆಲ್ಲ ಕೊನೆಗೆ ಬಂದು ಬೀಳುವುದು ಇಲ್ಲಿಗೇ. ಉಮಾಶ್ರೀಯ ಗಂಡ ವಿರೂಪಾಕ್ಷನೂ ಹಾಗೆಯೇ ಬಂದವನು. ಮಿಲಿಟರಿ ಹರಾಜಿನಲ್ಲಿ ಫೋರ್‌ವ್ಹೀಲ್ ಜೀಪು ಹಿಡಿದು ತಂದಿದ್ದ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಹೋಗಲು ಬೇಕು ಎನ್ನುವುದು ಅವನ ನೆಪ. ಮೊಬೈಲಿನಲ್ಲಿ ಎತ್ತರದ ಜೀಪುಗಳು ಬಂಡೆ ಹತ್ತುವುದನ್ನು ನೋಡಿ ನೋಡಿ ಐವತ್ತರ ಹತ್ತಿರದ ಗಂಡಸಿಗೆ ಹುಚ್ಚು ಹಿಡಿದಿತ್ತು, ಅಷ್ಟೇ. ಶಟ್ಟೆಪ್ಪನಿಗೂ ಅದೇ ಹುಚ್ಚು. ಇಬ್ಬರೂ ಜೀಪಿನ ಕೆಳಗೆ ಮಲಗಿ ಮಾತಾಡುತ್ತ ಮಧ್ಯಾಹ್ನದ ಊಟ ಮರೆಯುತ್ತಿದ್ದರು. ಆಗ ಉಮಾಶ್ರೀ ಬುತ್ತಿ ಕಳಿಸುತ್ತಿದ್ದಳು, ಇಬ್ಬರಿಗೂ ಸೇರಿಸಿ.

ಅವಳಿಗೆ ಅಣ್ಣತಮ್ಮಂದಿರಿಲ್ಲ. ಶಟ್ಟೆಪ್ಪ ಮೊದಮೊದಲು ಅವಳನ್ನು ‘ಅಕ್ಕಾರ’ ಎಂದು ಕರೆದು, ಅವರ ಮನೆಗೆ ಹೋದರೆ ಕಟ್ಟೆಯ ಮೇಲೆಯೇ ಕೂರುತ್ತಿದ್ದ. ಅವನ ಕೇರಿಯ ಜನ ಆ ಮನೆಯ ಒಳಗೆ ಕೂತ ರೂಢಿ ಇರಲಿಲ್ಲ. ಒಂದು ಪಂಚಮಿಗೆ ಅವಳು ಹೊರಗೆ ಬಂದು, “ಇನ್ನ ಮ್ಯಾಲೆ ತಂಗಿ ಅನ್ರಿ, ಒಳಗ ಬಂದು ಕುಂದರ್ರಿ, ಇಲ್ಲಂದ್ರ ಉಂಡಿ ಕೊಡೂದಿಲ್ಲ” ಎಂದು ಗದರಿಸಿದ್ದಳು. ಅಂದಿನಿಂದ ಅವನು ಆ ಮನೆಯ ಅಣ್ಣ, ಮಗಳು ರೇಣುವಿಗೆ ಮಾಮಾ. ಇಷ್ಟು ದೊಡ್ಡ ಮಾತು ಇಷ್ಟು ಸುಲಭಕ್ಕೆ ಸಿಕ್ಕಿತಲ್ಲ ಎಂದು ಅವನು ಎಷ್ಟೋ ದಿನ ಒಬ್ಬನೇ ಹಿಗ್ಗಿದ್ದುಂಟು.

ಜೀಪನ್ನು ಎತ್ತರಿಸುವುದು ದೊಡ್ಡ ಕೆಲಸವಲ್ಲ. ಉದ್ದನೆಯ ಕಮಾನು ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಹಾಕಿ ನಾಲ್ಕು ಇಂಚು ಮೇಲೆತ್ತಿದರು, ದೊಡ್ಡ ಗಾಲಿ ಹಾಕಿದರು. ಗೋಳು ಶುರುವಾದದ್ದು ಆಮೇಲೆ. ಮೇಲೆ ಗೇರುಪೆಟ್ಟಿಗೆ, ಕೆಳಗೆ ಮುಂದಿನ ಆಕ್ಸಲ್, ಎರಡನ್ನೂ ಕೂಡಿಸಿ ತಿರುಗುವ ಶಾಫ್ಟು. ಪೆಟ್ಟಿಗೆ ಮೇಲೆ ಹೋದರೆ ಶಾಫ್ಟು ಕಡಿದಾಗಿ ಇಳಿಯುತ್ತದೆ. ಅದರ ಕೀಲುಗಳು ಸೊಟ್ಟಗೆ ತಿರುಗಿ ಮೊರೆಯುತ್ತವೆ. ಆಕ್ಸಲ್ಲಿನ ಮೂತಿಯನ್ನು ಶಾಫ್ಟಿನ ಕಡೆಗೆ ಎತ್ತಿ ಕೂರಿಸಿದರೆ ಮೊರೆತ ನಿಲ್ಲುತ್ತದೆ. ಅದಕ್ಕೆ ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ಒಂದು ಕಬ್ಬಿಣದ ಬೆಣೆ ಇಟ್ಟರೆ ಸಾಕು. ಆದರೆ ಅದೇ ಆಕ್ಸಲ್ಲಿನ ಎರಡು ತುದಿಗೆ ಗಾಲಿಗಳಿರುತ್ತವೆ. ಸೈಕಲ್ಲಿನ ಮುಂದಿನ ಕವೆ ಹಿಂದಕ್ಕೆ ವಾಲಿರುವುದರಿಂದಲೇ ಕೈ ಬಿಟ್ಟರೂ ಅದು ನೆಟ್ಟಗೆ ಹೋಗುತ್ತದೆ. ಜೀಪಿಗೂ ಅಂಥದೊಂದು ವಾಲಿಕೆ ಬೇಕು, ಮೂರು ಡಿಗ್ರಿಯಷ್ಟು. ಮೂತಿ ಎತ್ತಿದಷ್ಟೂ ಆ ವಾಲಿಕೆ ಕಳೆದುಹೋಗುತ್ತದೆ. ಎರಡನ್ನೂ ಸರಿ ಮಾಡಬೇಕೆಂದರೆ ಆಕ್ಸಲ್ಲಿನ ತುದಿಗಳನ್ನು ಕತ್ತರಿಸಿ, ತಿರುಗಿಸಿ, ಮತ್ತೆ ಬೆಸೆಯಬೇಕು. ನಾಲ್ಕು ದಿನದ ಕೆಲಸ.

ವಿರೂಪಾಕ್ಷನಿಗೆ ನಾಲ್ಕು ದಿನ ಎಲ್ಲಿದ್ದವು? ಮರುದಿನ ಎಳ್ಳಮಾವಾಸ್ಯೆ. ಮನೆಮಂದಿಯನ್ನೆಲ್ಲ ಎತ್ತರದ ಜೀಪಿನಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಬೇಕು, ಊರು ನೋಡಬೇಕು. “ಏ ಮಿಸ್ತ್ರಿ, ನಲವತ್ತರ ಮ್ಯಾಲೆ ಹೋದ್ರ ಕಾಲಾಗಿನ ತಗಡು ಗುಂಯ್ ಅಂತೈತಿ. ಮಂದಿ ನಗತಾರ. ಇವತ್ತ ಅದರ ಬಾಯಿ ಮುಚ್ಚಿಸಿ ಕೊಡು” ಎಂದು ತಲೆಯ ಮೇಲೆ ಕೂತ. ಶಟ್ಟೆಪ್ಪ ನಾಲ್ಕು ಡಿಗ್ರಿಯ ಎರಡು ಬೆಣೆ ತಿದ್ದಿ ಇಟ್ಟ. ಸ್ಟೇರಿಂಗ್ ಹಗುರಾಗುತ್ತದೆ ಎಂದು ಗೊತ್ತಿತ್ತು; ಹಬ್ಬ ಮುಗಿಯಲಿ, ಆಮೇಲೆ ಕತ್ತರಿಸಿ ಸರಿ ಮಾಡಿದರಾಯಿತು ಎಂದುಕೊಂಡ.

ಇಲ್ಲಿ ಅವನದೊಂದು ಪದ್ಧತಿ ಹೇಳಬೇಕು. ಸ್ಟೇರಿಂಗಿನ ಕೆಲಸ ಮಾಡಿದ ಯಾವ ಗಾಡಿಯನ್ನೂ ತಾನು ಹೊಡೆದು ನೋಡದೆ ಅವನು ಬಿಟ್ಟವನಲ್ಲ. ನೆಟ್ಟನೆಯ ರಸ್ತೆಯಲ್ಲಿ ನಲವತ್ತರ ವೇಗಕ್ಕೆ ಒಯ್ದು, ಕೈ ಸಡಿಲಿಸಿ, ಗಾಡಿ ತಾನಾಗಿ ನೆಟ್ಟಗಾಗುವುದೋ ಇಲ್ಲವೋ ನೋಡಿದ ಮೇಲೆಯೇ ಕೀಲಿಕೈ ಕೊಡುವುದು. ಇನ್ನೊಂದು ಪದ್ಧತಿ, ಅವನ ಉಸ್ತಾದ ಕಲಿಸಿದ್ದು: ಅಮಾವಾಸ್ಯೆ ಹತ್ತಿದ ಮೇಲೆ ಗ್ಯಾರೇಜಿನಿಂದ ಗಾಡಿ ಹೊರಗೆ ಬಿಡಬಾರದು. ಅಂದು ಅಮಾವಾಸ್ಯೆ ಹತ್ತುವುದು ಸಂಜೆ ಐದು ಇಪ್ಪತ್ತಕ್ಕೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿತ್ತು. ಕೊನೆಯ ನಟ್ಟು ಬಿಗಿದಾಗ ಐದು ಹದಿನೈದು. ಒಂದು ಪದ್ಧತಿ ಉಳಿಸಲು ಇನ್ನೊಂದನ್ನು ಬಿಡಬೇಕಾಯಿತು. ಯಾವುದನ್ನು ಬಿಡಬಾರದಿತ್ತೋ ಅದನ್ನೇ ಬಿಟ್ಟ. “ಹೋಗ್ರಿ ಸಾವಕಾರ್ರ, ಅಮಾಸಿ ಹತ್ತೂದರಾಗ ಗ್ಯಾರೇಜ್ ದಾಟ್ರಿ” ಎಂದು ಅವನೇ ಅವಸರ ಮಾಡಿ ಕಳಿಸಿದ.

ಊರು ಇನ್ನೆರಡು ಕಿಲೋಮೀಟರ್ ಇರುವಾಗ, ಸಣ್ಣ ಸೇತುವೆಯ ಹತ್ತಿರ, ಜೀಪು ಡಾಂಬರಿನ ಅಂಚಿನಿಂದ ಕೆಳಗಿಳಿದು ಮಗ್ಗುಲಾಯಿತು. ಬಾಗಿಲಿಲ್ಲದ ಜೀಪು. ವಿರೂಪಾಕ್ಷ ಹೊರಗೆ ಬಿದ್ದ, ತಲೆ ಕಲ್ಲಿಗೆ ತಾಗಿತು. ಜೀಪಿಗೆ ಒಂದು ಮಗ್ಗುಲು ನೆಗ್ಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವನ ಮೊಬೈಲು ಅಲ್ಲೇ ಹುಲ್ಲಿನಲ್ಲಿ ಸಿಕ್ಕಿತು. ಜೀಪು ಕೆಳಗಿಳಿದ ಹೊತ್ತಿಗೆ ಸರಿಯಾಗಿ ಉಮಾಶ್ರೀ ಫೋನು ಮಾಡಿದ್ದಳು, ಚರಗಕ್ಕೆ ಬದನೆಕಾಯಿ ಸಾಲುವುದಿಲ್ಲ, ಒಂದು ಕಿಲೋ ತನ್ನಿ ಎಂದು ಹೇಳಲು. ಅವನು ‘ಹೇಳು’ ಎಂದದ್ದು ಕೇಳಿಸಿತು. ಮುಂದೆ ಕೇಳಿಸಿದ್ದು ಬರೀ ಸದ್ದು. ಫೋನಿನಲ್ಲಿ ಮಾತಾಡುತ್ತ ಗಾಡಿ ಓಡಿಸಿದ್ದೇ ಕಾರಣ ಎಂದು ಪಂಚನಾಮೆಯಲ್ಲಿ ಬರೆದರು. ಊರೂ ಅದನ್ನೇ ಹೇಳಿತು. ಉಮಾಶ್ರೀಯೂ ಅದನ್ನೇ ನಂಬಿದಳು.

ಶಟ್ಟೆಪ್ಪ ಮಾತ್ರ ನಂಬಲಿಲ್ಲ. ನಂಬದಿದ್ದರೂ ನಂಬಿದಂತೆ ಇದ್ದ. ಮಣ್ಣಿಗೆ ಹೋಗಿ ಹಿಡಿ ಮಣ್ಣು ಹಾಕಿದ, ಬೆಣೆಯ ಮಾತೆತ್ತಲಿಲ್ಲ. ಫೋನು ಇತ್ತಲ್ಲ, ಅದೇ ಇರಬಹುದಲ್ಲ ಎಂದು ತನಗೆ ತಾನೇ ವಕೀಲನಾದ. ಬೆಣೆ ನೋಡುವವರೆಗೂ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ; ಹಾಗಾದರೆ ನೋಡದಿದ್ದರಾಯಿತು. ಮನುಷ್ಯ ಎಂಥೆಂಥ ಲೆಕ್ಕ ಹಾಕುತ್ತಾನೆ!

ಈಗ ಜೀಪು ಅವನ ಅಂಗಳದಲ್ಲೇ ನಿಂತಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಸಮನೆಲಕ್ಕೆ ತಳ್ಳಿ, ಶಾಲೆ ಹುಡುಗರ ಕೋನಮಾಪಕಕ್ಕೆ ದಾರ ಕಟ್ಟಿ ಒಂದು ನಟ್ಟು ತೂಗುಬಿಟ್ಟ ತನ್ನ ಅಳತೆಪಟ್ಟಿಯನ್ನು ಗಾಲಿಯ ಕೀಲಿನ ತಲೆಯ ಮೇಲಿಟ್ಟು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೂರು ಡಿಗ್ರಿ ಹಿಂದಕ್ಕೆ ವಾಲಿರಬೇಕಾದದ್ದು ಒಂದು ಡಿಗ್ರಿ ಮುಂದಕ್ಕೆ ವಾಲಿತ್ತು. ಅಂಥ ಗಾಡಿ ರಸ್ತೆಯ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಒಂದು ತಗ್ಗು ಸಿಕ್ಕರೆ ತಾನೇ ಹೊರಳುತ್ತದೆ, ಹೊರಳಿದ್ದು ಹಿಂದೆ ಬರುವುದಿಲ್ಲ. ಎರಡೂ ಕೈಯಲ್ಲಿ ಹಿಡಿದವನೇ ಹೆಣಗಬೇಕು. ವಿರೂಪಾಕ್ಷ ಒಂದು ಕೈಯಲ್ಲಿ ಹಿಡಿದಿದ್ದ, ಗೆಳೆಯನ ಕೆಲಸದ ಮೇಲೆ ನಂಬಿಕೆಯಿಟ್ಟು. ಶಟ್ಟೆಪ್ಪ ಗಾಲಿಗೆ ಒರಗಿ ಕೂತು ಅತ್ತ.

ಬುತ್ತಿ ತಂದ ಹೆಂಡತಿ ಸಾವಂತ್ರೆವ್ವ ಅವನ ಮುಖ ನೋಡಿ ಕೇಳಿದಳು. ಅವನು ಮುಚ್ಚಿಡದೆ ಹೇಳಿದ. ಅವಳು ಬುತ್ತಿ ಕೆಳಗಿಟ್ಟು, “ಬೆಣಿ ತಗೀರಿ. ಗಾಡಿ ಸರಿ ಮಾಡಿ ಕೊಟ್ಟುಬಿಡ್ರಿ. ಹೋದಾವ್ರು ಹ್ವಾದ್ರು. ಈಗ ಹೇಳಿದ್ರ ಅವರಿಗೆ ಏನು ಬಂತು, ನಿಮಗ ಏನು ಬಂತು?” ಎಂದಳು. ಕೆಟ್ಟ ಹೆಂಗಸಲ್ಲ, ಗಂಡ ಉಳಿಯಲಿ ಎಂದು ಹೇಳಿದಳು. ಬೆಣೆ ತೆಗೆಯಲು ಒಂದು ತಾಸು ಸಾಕು. ತೆಗೆದರೆ ಈ ಭೂಮಿಯ ಮೇಲೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಶಾಫ್ಟು ಮತ್ತೆ ಮೊರೆಯುತ್ತದೆ, ಮೊರೆಯಲಿ, ಮೊರೆದದ್ದಕ್ಕೆ ಯಾರೂ ಸತ್ತಿಲ್ಲ.

ಎರಡು ದಿನ ಎಂಜಿನ್ನು, ಬ್ಯಾಟರಿ, ಬ್ರೇಕು ಎಂದು ಮಿಕ್ಕದ್ದೆಲ್ಲ ಮಾಡಿದ. ಬೆಣೆಯ ತಂಟೆಗೆ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಮನಸ್ಸು ಗಟ್ಟಿಮಾಡಿ ಜೀಪಿನ ಕೆಳಗೆ ಮಲಗಿ ಮೊದಲನೆಯ ಬೋಲ್ಟಿಗೆ ಪಾನಾ ಹಾಕಿದ. ಆಗಲೇ ಹೊರಗೆ ಚಪ್ಪಲಿಯ ಸದ್ದಾಯಿತು. ಸಂಜೆ ಬರಬೇಕಾದ ಉಮಾಶ್ರೀ ಬೆಳಿಗ್ಗೆಯೇ ಬಂದಿದ್ದಳು.

“ಏಳಬ್ಯಾಡ್ರಿ ಅಣ್ಣಾರ, ಕೆಲಸ ಮಾಡ್ರಿ” ಎಂದು ಅವಳು ಜೀಪಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೆಳಗಿನಿಂದ ಅವನಿಗೆ ಕಂಡದ್ದು ಅವಳ ಎರಡು ಪಾದ, ಸೀರೆಯ ಧೂಳಿನ ಅಂಚು. “ಇಲ್ಲಿಂದ ಸವದತ್ತಿಗೆ ಹೋಗಬೇಕು, ರೇಣೂನ ನೋಡಾಕ.”

“ಕಾಲೇಜ್ ಹೆಂಗ ನಡದೈತಿ ಅಕಿದು?” ಶಟ್ಟೆಪ್ಪ ಕೆಳಗಿನಿಂದಲೇ ಕೇಳಿದ. ಹುಡುಗಿ ಸವದತ್ತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಾಳೆ, ಅಲ್ಲಿಂದ ಕಾಲೇಜು ಹತ್ತಿರವಿರುವುದಕ್ಕೆ, ಎಂದೇ ಅವನು ತಿಳಿದಿದ್ದ.

ಉಮಾಶ್ರೀಯ ಪಾದಗಳು ಸ್ಟೂಲಿನ ಕೆಳಗೆ ಸರಿದವು. “ಕಾಲೇಜಿನ ಸಲುವಾಗಿ ಹೋಗಿಲ್ರಿ ಅಕಿ. ನನ್ನ ಮಾರಿ ನೋಡಬಾರದು ಅಂತ ಹೋಗ್ಯಾಳ. ‘ಗಾಡಿ ಹೊಡ್ಯಾಕ ಹತ್ಯಾನಂತ ಗೊತ್ತಿದ್ದೂ ಯಾಕ ಫೋನ್ ಮಾಡಿದಿ’ ಅಂತ ಒಂದ ಸಲ ಕೇಳಿದ್ಲು. ನಾ ಏನ್ ಹೇಳ್ಲಿ? ಅವತ್ತಿನಿಂದ ಮಾತಿಲ್ಲ. ನಾ ಹೋಗತೇನಿ, ಅಕಿ ಒಳಗ ಹೋಗಿ ಬಾಗಲಾ ಹಾಕೋತಾಳ. ಬಾಗಲಾ ನೋಡಕೋತ ಕುಂತು, ಸಂಜಿ ಬಸ್ಸಿಗೆ ಬರತೇನಿ.” ಅಳಲಿಲ್ಲ. ಅಳು ಎಂದೋ ಮುಗಿದವರ ದನಿ ಅದು. “ಅಕಿದೇನೂ ತಪ್ಪಿಲ್ರಿ. ಒಂದ್ ಕಿಲೋ ಬದನಿಕಾಯಿ ಸಲುವಾಗಿ ಅವರಪ್ಪನ್ನ ಕೊಂದಾಕಿ ನಾ.”

ಶಟ್ಟೆಪ್ಪನ ಕೈ ಬೋಲ್ಟಿನ ಮೇಲೆ ನಿಂತಿತು. ಇಷ್ಟು ದಿನ ತಾನು ನುಂಗಿಕೊಂಡದ್ದು ತನ್ನ ಹೊಟ್ಟೆಯಲ್ಲೇ ಇದೆ ಎಂದುಕೊಂಡಿದ್ದ. ಅದು ಹೋಗಿ ತಾಯಿ ಮಗಳ ನಡುವೆ ಬಾಗಿಲು ಹಾಕಿ ಕೂತಿದೆ ಎಂದು ಅವನಿಗೆ ಯಾರು ಹೇಳಿದ್ದರು? ಸಡಿಲಿಸಿದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿ ಹೊರಗೆ ಬಂದ. ಅವಳ ಎದುರು ನೆಲಕ್ಕೆ ಕೂತ.

“ತಂಗೆವ್ವ, ನೀ ಕೊಂದಿಲ್ಲ. ಸಾವಕಾರ್ರು ಹೋದದ್ದು ನನ್ನ ಕೈಲೆ” ಎಂದ. ಬೆಣೆಯ ವಿಷಯ ಹೇಳಿದ, ಅಮಾವಾಸ್ಯೆಗೆ ಅವಸರ ಮಾಡಿದ್ದು ಹೇಳಿದ, ಗಾಡಿ ಹೊಡೆದು ನೋಡದೆ ಬಿಟ್ಟದ್ದು ಹೇಳಿದ.

ಉಮಾಶ್ರೀ ಕೇಳಿ ಮುಗಿಸಿ ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಏನೆಲ್ಲ ಎಣಿಸಿದ್ದನೋ, ಇದನ್ನು ಎಣಿಸಿರಲಿಲ್ಲ. “ನಿಮ್ಮಂಥ ಅಣ್ಣ ಯಾರಿಗೂ ಸಿಗೂದಿಲ್ರಿ” ಎಂದಳು. “ನನ್ನ ಸಂಕಟ ನೋಡಲಾರದ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕ ಹತ್ತೀರಿ. ರೇಣೂಗ ಹೇಳಾಕ ಒಂದು ಮಾತು ಹುಟ್ಟಿಸಿ ಕೊಡತೀರಿ. ಬ್ಯಾಡ್ರಿ. ಸುಳ್ಳ ಹೇಳಿ ನಾ ಮಗಳನ್ನ ವಾಪಸ್ ಕರಕೊಳ್ಳೂದಿಲ್ಲ.”

“ಸುಳ್ಳಲ್ಲ ತಂಗೆವ್ವ.”

“ಪೊಲೀಸ್ರು ನೋಡ್ಯಾರ್ರಿ ಗಾಡಿ. ಸರಿ ಇತ್ತು ಅಂತ ಬರದಾರ.”

ಅಳತೆಪಟ್ಟಿ ತಂದು ತೋರಿಸಿದ. ದಾರ ಯಾವ ಗೆರೆಯ ಮೇಲೆ ಬರಬೇಕು, ಎಲ್ಲಿ ಬಂದಿದೆ ಎಂದು ಬೆರಳಿಟ್ಟು ಹೇಳಿದ. ಅವಳು ನೋಡಿದಂತೆ ಮಾಡಿ, ಹಠ ಮಾಡುವ ಕೂಸನ್ನು ಸುಮ್ಮನಿರಿಸುವವಳಂತೆ ತಲೆಯಾಡಿಸಿದಳು. ಮೋಸದ ಮನುಷ್ಯನಾಗಿದ್ದರೆ ಅವನ ಮಾತನ್ನು ಅವಳು ಅರೆಕ್ಷಣದಲ್ಲಿ ನಂಬುತ್ತಿದ್ದಳೇನೋ. ಹತ್ತು ವರ್ಷ ಗಳಿಸಿದ ಒಳ್ಳೆಯ ಹೆಸರೇ ಈಗ ಅವನ ಬಾಯಿಗೆ ಅಡ್ಡ ಬಂತು.

“ನೀ ಟ್ರ್ಯಾಕ್ಟರ್ ಹೊಡೀತಿ. ಬಾ, ಇದನ್ನ ಹೊಡದು ನೋಡು” ಎಂದ ಶಟ್ಟೆಪ್ಪ.

ಅವಳು ಬೇಡವೆಂದಳು. ಗಂಡ ಸತ್ತ ಗಾಡಿ. ಶಟ್ಟೆಪ್ಪ ಕೈ ಮುಗಿದ. ಕೊನೆಗೆ ಅವನ ಸಮಾಧಾನಕ್ಕೆಂದೇ ಅವಳು ಹತ್ತಿದಳು, ಹತ್ತುವಾಗ ಸೀರೆ ತೊಡರಿ ಎರಡು ಸಲ ಇಳಿದಳು. ಶಟ್ಟೆಪ್ಪ ಪಕ್ಕದಲ್ಲಿ ಕೂತ.

ಸಂಪಗಾಂವದ ಕಡೆ ಊರು ದಾಟಿದರೆ ರಸ್ತೆ ನೆಟ್ಟಗಿದೆ. ಎರಡೂ ಬದಿಗೆ ಕಬ್ಬು, ಹೊತ್ತು ಏರಿತ್ತು, ಮುಂದೆ ಹಿಂದೆ ಒಂದು ಗಾಡಿಯೂ ಇರಲಿಲ್ಲ. ಇಪ್ಪತ್ತರಲ್ಲಿ ಹೋಗುವಾಗ ಉಮಾಶ್ರೀಗೆ ಏನೂ ಅನಿಸಲಿಲ್ಲ. ಮೂವತ್ತಕ್ಕೆ ಬಂದಾಗ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿದ್ದತೊಡಗಿದಳು. ನಲವತ್ತಕ್ಕೆ ಬಂದಾಗ ಅವಳ ಕೆಳದುಟಿ ಹಲ್ಲಿನ ನಡುವೆ ಸಿಕ್ಕಿತ್ತು. ಜೀಪು ಒಮ್ಮೆ ಬಲಕ್ಕೆ ಸರಿಯುತ್ತಿತ್ತು, ಎಳೆದರೆ ಹೆಚ್ಚಾಗಿ ಎಡಕ್ಕೆ ಬರುತ್ತಿತ್ತು.

“ಈಗ ಕೈ ಸಡ್ಲ ಬಿಡು. ಬ್ರೇಕಿನ ಮ್ಯಾಲೆ ಕಾಲಿರಲಿ” ಎಂದ.

ಅವಳು ಕೈ ಸಡಿಲಿಸಿದಳು. ಡಾಂಬರು ಕಿತ್ತ ಸಣ್ಣದೊಂದು ತಗ್ಗು ಬಂತು, ಸೈಕಲ್ಲಿನವರೂ ಲೆಕ್ಕಕ್ಕೆ ಹಿಡಿಯದಂಥದ್ದು. ಸ್ಟೇರಿಂಗ್ ತಾನಾಗಿ ಎಡಕ್ಕೆ ಹೊರಳಿತು, ಹೊರಳಿದ್ದು ಹಾಗೆಯೇ ನಿಂತಿತು. ಯಾರೋ ಹಿಡಿದು ತಿರುಗಿಸಿದ ಹಾಗೆ ಜೀಪು ರಸ್ತೆಯ ಅಂಚಿಗೆ ನಡೆಯಿತು. ಅವಳು ಬ್ರೇಕು ಒತ್ತಿದಾಗ ಒಂದು ಗಾಲಿ ಮಣ್ಣಿಗೆ ಇಳಿದಿತ್ತು.

ಎಂಜಿನ್ನು ತಾನೇ ಬಂದ್ ಆಯಿತು. ಉಮಾಶ್ರೀ ಮುಂದೆ ನೋಡುತ್ತ ಕೂತಳು. ಆಮೇಲೆ ಇಳಿದು, ಕಬ್ಬಿನ ಬದುವಿನ ಮೇಲೆ ಹೋಗಿ ಕೂತಳು. ಶಟ್ಟೆಪ್ಪ ಎರಡು ಮಾರು ದೂರ ನಿಂತ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

“ಇದು ನಿಮಗ ಮೊನ್ನೆ ಗೊತ್ತಾತೋ, ಮೊದಲ ಗೊತ್ತಿತ್ತೋ?” ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಅಳತೆ ಹಿಡಿದದ್ದು ಮೊನ್ನೆಯೇ ಅಲ್ಲವೇ? ಶಟ್ಟೆಪ್ಪ ತಲೆ ತಗ್ಗಿಸಿ, “ಸಂಶೇ ಮೊದಲಿಂದ ಇತ್ತು” ಎಂದ.

“ತಪ್ಪ ಆತು ಅಂದ್ರಿ. ಆಗತೈತಿ. ಕೈಲೆ ಕೆಲಸ ಮಾಡಾವ್ರ ಕೈಲೆ ಆಗತೈತಿ. ಅದನ್ನ ನಾ ಹೆಂಗರ ನುಂಗತಿದ್ನಿ” ಎಂದಳು ಉಮಾಶ್ರೀ. ದನಿ ಏರಲಿಲ್ಲ. “ಮೂರನೇ ದಿನ ನಮ್ಮ ಮನಿಗೆ ಬಂದಿದ್ರಿ. ಫೋನ್ ಮಾಡಿ ನಾನ ಕೊಂದೆ ಅಂತ ನಾ ತಲಿ ಗ್ವಾಡಿಗೆ ಬಡಕೊಳ್ಳಾಕ ಹತ್ತಿದ್ನಿ. ರೇಣು ಅಲ್ಲೇ ನಿಂತಿದ್ಲು. ನೀವು ನನ್ನ ಕೈ ಹಿಡಕೊಂಡು ಏನಂದ್ರಿ?”

ಅವನಿಗೆ ನೆನಪಿತ್ತು.

“ಹಣೇಬರಾ ತಂಗೆವ್ವ ಅಂದ್ರಿ. ಫೋನ್ ಮಾಡಬಾರದಿತ್ತು, ಆದ್ರ ನಿನಗೇನ ಗೊತ್ತಿತ್ತು ಅಂದ್ರಿ. ಅದನ್ನ ಕೇಳೇ ಅಕಿ ನಂಬಿದ್ಲು. ಮಾಮಾನ ಅಂದಾನ ಅಂತ.”

ಆ ಮಾತು ಅವನು ಆಡಿದ್ದ. ಸಮಾಧಾನಕ್ಕೆಂದು ಆಡಿದ್ದ ಎಂದು ಇಷ್ಟು ದಿನ ತಿಳಿದಿದ್ದ. ತನ್ನನ್ನು ಉಳಿಸಿಕೊಳ್ಳಲು ಆಡಿದ್ದ ಎಂದು ಆ ನಡುರಸ್ತೆಯಲ್ಲಿ ನಿಂತಾಗ ತಿಳಿಯಿತು. ನೆಲ ಬಾಯ್ತೆರೆದಿದ್ದರೆ ಇಳಿದುಬಿಡುತ್ತಿದ್ದ.

ದೂರದಲ್ಲಿ ಬಸ್ಸು ಕಾಣಿಸಿತು. ಉಮಾಶ್ರೀ ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿದಳು. “ನಾ ಇವತ್ತ ಸವದತ್ತಿಗೆ ಹೋಗೂದಿಲ್ಲ. ನಾಳೆ ಹೋಗತೇನಿ. ನೀವೂ ಬರ್ರಿ. ನನಗ ಹೇಳಿದ್ದನ್ನೆಲ್ಲ ಅಕಿ ಮುಂದ ಹೇಳ್ರಿ, ಒಂದಕ್ಷರ ಬಿಡಬ್ಯಾಡ್ರಿ. ಆಮ್ಯಾಲೆ ನಮ್ಮ ಮನೀ ಕಡೆ ಬರಬ್ಯಾಡ್ರಿ” ಎಂದು, ಬಸ್ಸಿಗೆ ಕೈ ಮಾಡಿ ಹತ್ತಿ ಹೋದಳು.

ಮರುದಿನ ಎಂಟರ ಬಸ್ಸಿಗೆ ಶಟ್ಟೆಪ್ಪ ಸವದತ್ತಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಜೋಡಿಸಿದ್ದೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಚೆದುರಿಹೋಯಿತು. ಸೋದರತ್ತೆಯ ಮನೆಯ ಕಟ್ಟೆಯ ಮೇಲೆ ಉಮಾಶ್ರೀ ಆಗಲೇ ಬಂದು ಕೂತಿದ್ದಳು, ಮುಚ್ಚಿದ ಬಾಗಿಲಿಗೆ ಮುಖ ಮಾಡಿ. ಅವನನ್ನು ನೋಡಿ ಸ್ವಲ್ಪ ಸರಿದು ದಾರಿ ಬಿಟ್ಟಳು.

ಶಟ್ಟೆಪ್ಪ ಚಿಲಕ ಬಡಿದು ತನ್ನ ಹೆಸರು ಹೇಳಿದ. ಒಳಗೆ ಓಡಿ ಬಂದ ಹೆಜ್ಜೆಯ ಸದ್ದಾಯಿತು, ಬಾಗಿಲು ತೆರೆಯಿತು. ರೇಣು ಬಡಕಲಾಗಿದ್ದಳು. ತಾಯಿಯ ಕಡೆ ಕಣ್ಣೆತ್ತಿಯೂ ನೋಡದೆ, ಶಟ್ಟೆಪ್ಪನ ಕೈಚೀಲ ಇಸಿದುಕೊಂಡು, ಎಷ್ಟೋ ದಿನದ ಮೇಲೆ ತನ್ನವರೊಬ್ಬರನ್ನು ಕಂಡ ಕೂಸಿನಂತೆ ನಕ್ಕಳು.

“ಬರ್ರಿ ಮಾಮಾ, ಒಳಗ ಬರ್ರಿ. ನೀವರ ಬಂದ್ರಲ್ಲ” ಎಂದಳು.